ಜೊತೆಗೆ ಬರುವವರ ಕಾಲಂ

ಮೊದಲನೇ ಹಾಳೆ ಪ್ರಿಂಟರಿನ ಬಾಯಲ್ಲೇ ಉಳಿದುಬಿಟ್ಟಿತ್ತು, ಎರಡನೇ ಹಾಳೆ ಮಾತ್ರ ಜಯರಾಮುವಿನ ಕೈಯಲ್ಲಿತ್ತು. ಇದು ಉಲ್ಟಾ ಆಗಿದ್ದರೆ ಏನು ಗತಿ ಎಂದು ನೆನೆದಾಗಲೆಲ್ಲ ಅವನು ಆ ಹಾಳೆಗೆ ಇನ್ನೊಂದು ಮಡಿಕೆ ಹಾಕುತ್ತಿದ್ದ. ಮೊದಲನೇ ಹಾಳೆಯಲ್ಲಿ ಇದ್ದದ್ದು ಮರ್ಯಾದೆಯ ಸಂಗತಿ. ಶ್ರೀ ಜಯರಾಮು, ಮಧುಗಿರಿ, ಕರ್ನಾಟಕ, ಭಾರತ, ಭೂಮಿ, ಇವರನ್ನು ಪ್ರಾಕ್ಸಿಮಾ ಎಂಬ ನಕ್ಷತ್ರದ ಸುತ್ತ ತಿರುಗುವ ಗ್ರಹದಲ್ಲಿ ಮುಂದೊಂದು ಕಾಲಕ್ಕೆ ನೆಲೆಸಲಿರುವ ಮನುಷ್ಯರ ಮೊದಲ ಪಟ್ಟಿಗೆ ಸೇರಿಸಿಕೊಳ್ಳಲಾಗಿದೆ, ಅಭಿನಂದನೆಗಳು. ಕೆಳಗೆ ಯಾವುದೋ ದೇಶದ ಯಾವನದೋ ಸಹಿ, ಚಿನ್ನದ ಬಣ್ಣದ ಮುದ್ರೆ. ಎರಡನೆಯದು ಮೂರು ತಿಂಗಳ ಹಿಂದೆ ಅವನೇ ಮೊಬೈಲಿನಲ್ಲಿ ತುಂಬಿದ್ದ ಅರ್ಜಿಯ ನಕಲು. ವಯಸ್ಸು, ನಲವತ್ತೇಳು. ಉದ್ಯೋಗ, ಭೂದಾಖಲೆ ಗುಮಾಸ್ತ. ವಿಶೇಷ ಕೌಶಲ, ಕುರಿ ಎಣಿಸುವುದು. ಇದನ್ನು ಯಾಕೆ ಬರೆದನೋ ಆ ಪುಣ್ಯಾತ್ಮನಿಗೇ ಗೊತ್ತಿರಲಿಲ್ಲ. ಮದುವೆ, ಆಗಿದೆ. ಜೊತೆಗೆ ಬರುವವರು, ಯಾರೂ ಇಲ್ಲ.

ರವಾನೆ ಶಾಖೆಯ ಗಂಗಲಕ್ಷ್ಮಿ ಪ್ರಿಂಟರಿನಲ್ಲಿ ಬಿದ್ದ ಕಾಗದವನ್ನು ಓದದೆ ಬಿಡುವ ಜಾಯಮಾನದವಳಲ್ಲ. ಓದಿದಳು, ಫೋಟೋ ಹೊಡೆದಳು, ‘ನಮ್ಮ ಜಯರಾಮಣ್ಣ ನಮಗೆ ಟಾಟಾ’ ಎಂದು ಬರೆದು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಕೊಡಿಗೇನಹಳ್ಳಿಯ ಪಕ್ಕದ ಅವನ ಹಟ್ಟಿಗೆ ಹೋಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಬಸ್ಸಿಗಾದರೆ ಮುಕ್ಕಾಲು ಗಂಟೆ. ತುಮಕೂರಿನ ಹಾಸ್ಟೆಲಿನಲ್ಲಿದ್ದ ಮಗಳು ಮಂಗಳಗೌರಿ, “ಅಪ್ಪಾ, ಹೋಗೋಕ್ ಮುಂಚೆ ಮನೆ ವೈಫೈ ಪಾಸ್‌ವರ್ಡ್ ಹೇಳಿ ಹೋಗು,” ಎಂದು ದನಿ ಸಂದೇಶ ಕಳಿಸಿದಳು. ಹೆಂಡತಿ ಚಿತ್ರಾಳಿಂದ ಮಾತ್ರ ಏನೂ ಬರಲಿಲ್ಲ. ಬೇರೆಯವರಿಂದ ತಿಳಿಯುವುದು ಬೇಡವೆಂದು ಆ ಫೋಟೋವನ್ನು ಅವನೇ ಅವಳಿಗೆ ಕಳಿಸಿದ್ದ, ನೋಡಿದ್ದಾಳೆ ಎಂದು ಎರಡು ನೀಲಿ ಗೆರೆ ಹೇಳುತ್ತಿದ್ದವು. ಆ ನೀಲಿ ಗೆರೆಗಳನ್ನು ಅವನು ಮೇಜಿನ ಕೆಳಗೆ ಮೊಬೈಲು ಇಟ್ಟುಕೊಂಡು ಹನ್ನೆರಡು ಸಲ ನೋಡಿದ.

“ಏನ್ರೀ ಜಯರಾಮು,” ಶಿರಸ್ತೇದಾರ್ ವೆಂಕಟರಾಮಯ್ಯ ಕನ್ನಡಕದ ಮೇಲಿಂದ ಕರೆದರು, “ಕೇಂದ್ರಸ್ಥಾನ ಬಿಡೋದಕ್ಕೆ ಪೂರ್ವಾನುಮತಿ ತಗೊಂಡಿದೀರಾ?” ಇಡೀ ಶಾಖೆ ನಕ್ಕಿತು. ನಗಲಿ ಎಂದೇ ಅವರು ಕೇಳಿದ್ದು. ಜಯರಾಮು ತಾನೂ ನಕ್ಕು ಸುಮ್ಮನಿರಬಹುದಿತ್ತು, ಆದರೆ ಅವನ ಗ್ರಹಚಾರ, ಉತ್ತರ ಕೊಡಲು ಎದ್ದು ನಿಂತ. “ಸಾರ್, ಈಗಲೇ ಹೋಗೋದಲ್ಲ ಸಾರ್. ಈಗಿನ ರಾಕೆಟ್‌ನಲ್ಲಿ ಎಪ್ಪತ್ತು ಸಾವಿರ ವರ್ಷದ ಮೇಲಾಗುತ್ತೆ ಸಾರ್, ಮುಂದೆ ವೇಗದ್ದು ಬಂದ ಮೇಲೆ...” ಅಷ್ಟರಲ್ಲಿ ವೆಂಕಟರಾಮಯ್ಯನವರು, “ಹಾಗಾದ್ರೆ ನಿಮ್ಮ ಟೇಬಲ್ಲಿನ ಖಾತೆ ಕಡತಗಳು ಇತ್ಯರ್ಥ ಆಗೋಕೂ ನೀವು ಅಲ್ಲಿ ಇಳಿಯೋಕೂ ಸರಿಹೋಗುತ್ತೆ ಬಿಡಿ,” ಎಂದರು. ಈ ಸಲದ ನಗು ಪಕ್ಕದ ಶಾಖೆಯಿಂದಲೂ ಬಂತು. ನಿಂತವನು ಕೂರುವುದು ಹೇಗೆಂದು ತಿಳಿಯದೆ ಅವನು ಕಿಟಕಿ ಮುಚ್ಚುವ ನೆಪ ಮಾಡಿಕೊಂಡು ಅತ್ತ ನಡೆದ. ಹೊರಗೆ ಬೆಟ್ಟದ ಬೋಳು ಬಂಡೆಯ ಮೇಲೆ ಯಾರೋ ಇಬ್ಬರು ಕಂಬಿ ಹಿಡಿದು ಹತ್ತುತ್ತಿದ್ದರು. ಮುಂದಿನವನು ನಿಂತು, ಹಿಂದಿನವಳಿಗೆ ಕೈ ಕೊಡುತ್ತಿದ್ದ. ಜಯರಾಮುವಿಗೆ ಅದು ತನ್ನನ್ನೇ ಚುಚ್ಚಲು ಯಾರೋ ಹೇಳಿ ಮಾಡಿಸಿದ್ದು ಅನ್ನಿಸಿತು. ಜೇಬಿನಲ್ಲಿ ಎರಡನೇ ಹಾಳೆ ಬೆವರಿಗೆ ಮೆತ್ತಗಾಗುತ್ತಿತ್ತು.

ಆ ಅರ್ಜಿ ತುಂಬಿದ್ದು ಒಂದು ಭಾನುವಾರ ಮಧ್ಯಾಹ್ನ. ಚಿತ್ರಾ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಯ ತೋಳು ಜೋಡಿಸುತ್ತಿದ್ದಳು, ಇವನು ಮಂಚದ ಮೇಲೆ ಮಲಗಿ ಅರ್ಜಿ ತುಂಬುತ್ತಿದ್ದ. ಜೊತೆಗೆ ಬರುವವರು ಎಂಬ ಖಾಲಿ ಜಾಗಕ್ಕೆ ಬಂದಾಗ ಸುಮ್ಮನೆ ಚಿ ಎಂದು ಒತ್ತಿದ್ದ ಕೂಡ. ಅಷ್ಟರಲ್ಲಿ ಅವಳು, “ರೀ, ಮೋಟ್ರು ಆಫ್ ಮಾಡಿದ್ರಾ? ಟ್ಯಾಂಕ್ ತುಂಬಿ ಚೆಲ್ತಾ ಐತೆ,” ಎಂದಳು. ಬೈದದ್ದೂ ಅಲ್ಲ, ಜೋರಾಗಿಯೂ ಅಲ್ಲ. ಆದರೆ ಆ ಒಂದು ಗಳಿಗೆಯಲ್ಲಿ ಅವನಿಗೆ ಒಂದು ಕಿಟಕಿ ಕಂಡಿತು, ದುಂಡನೆಯದು, ಆಚೆ ಕತ್ತಲೆ, ಈಚೆ ತಾನೊಬ್ಬನೇ ಕಾಲು ಚಾಚಿ ಕೂತಿದ್ದಾನೆ, ನಾಲ್ಕು ಜ್ಯೋತಿರ್ವರ್ಷದ ಉದ್ದಕ್ಕೂ ಒಂದೇ ಒಂದು ಮೋಟರಿಲ್ಲ. ಎಂಥ ಸುಖ! ಚಿ ಅಕ್ಷರವನ್ನು ಅಳಿಸಿದ, ಯಾರೂ ಇಲ್ಲ ಎಂದು ಒತ್ತಿದ, ಎದ್ದು ಹೋಗಿ ಮೋಟರು ಆರಿಸಿದ. ಬರುವಾಗ ಅವಳಿಗೆ ತಾನಾಗಿಯೇ ಟೀ ಮಾಡಿಕೊಂಡು ಬಂದ. “ಏನಿವತ್ತು?” ಎಂದು ಅವಳು ಖುಷಿಯಿಂದ ಕೇಳಿದ್ದಳು. ಆ ಖುಷಿ ನೆನಪಾಗಿ ಈಗ ಕಿಟಕಿಯ ಬಳಿ ನಿಂತವನಿಗೆ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ತನ್ನ ಜೊತೆ ಸಂಸಾರ ಮಾಡಿದವಳನ್ನು ಇವನು ಒಂದು ಬೆರಳಿನಲ್ಲಿ ಅಳಿಸಿದ್ದ. ನಾಚಿಕೆಗೇಡು ಎಂದರೆ ಇದೇ ಎಂದು ಅವನಿಗೆ ಗೊತ್ತಿತ್ತು. ಆ ಹಾಳೆ ಅವಳ ಕಣ್ಣಿಗೆ ಬೀಳಬಾರದು, ಬಿದ್ದರೆ ತಾನಿನ್ನು ಆ ಮನೆಯಲ್ಲಿ ತಲೆಯೆತ್ತಿ ಅನ್ನ ಉಣ್ಣುವಂತಿಲ್ಲ.

ಹರಿದು ಹಾಕೋಣವೆಂದರೆ ಕಸದ ಬುಟ್ಟಿ ಗಂಗಲಕ್ಷ್ಮಿಯ ಕಾಲ ಬಳಿ ಇತ್ತು. ಕೊನೆಗೆ ಅವನು ಕಪಾಟಿನ ಕೆಳಗಿನ ಅರೆಯಿಂದ, ಅಣ್ಣತಮ್ಮಂದಿರು ಒಂದು ಹುಣಸೆಮರಕ್ಕಾಗಿ ಮೂವತ್ತು ವರ್ಷದಿಂದ ನಡೆಸುತ್ತಿದ್ದ ತಕರಾರಿನ ಕಡತ ತೆಗೆದು, ನಕ್ಷೆಗೂ ಮಹಜರಿಗೂ ನಡುವೆ ಹಾಳೆಯನ್ನು ಸಿಕ್ಕಿಸಿ ಕಟ್ಟಿಟ್ಟ. ಮನುಷ್ಯರು ಪ್ರಾಕ್ಸಿಮಾ ತಲುಪಿದರೂ ತಲುಪಿಯಾರು, ಆ ಕಡತವನ್ನು ಇನ್ನೊಬ್ಬರು ಬಿಚ್ಚುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ಕೂತ ಮೇಲೆ ಮನಸ್ಸು ಹಗುರಾಗಿ ಮತ್ತೆ ಆ ಗ್ರಹದ ಕಡೆಗೇ ಹೋಯಿತು. ಅಲ್ಲಿ ಸರ್ವೆ ಆಗಿಲ್ಲ. ಬಾಂದುಕಲ್ಲಿಲ್ಲ, ಪಹಣಿಯಿಲ್ಲ, ಅಣ್ಣತಮ್ಮಂದಿರೇ ಇಲ್ಲ. ಧ್ರುವದಿಂದ ಧ್ರುವಕ್ಕೆ ಇಡೀ ನೆಲ ಒಂದೇ ಗೋಮಾಳ. ಮೊದಲು ಇಳಿದವನು ಕೈಯಲ್ಲಿ ಅಳತೆಯ ಸರಪಳಿ ಹಿಡಿದಿರಬೇಕೋ ಬೇಡವೋ ಎಂದು ಅವನು ಗಂಭೀರವಾಗಿ ಯೋಚಿಸುತ್ತಿದ್ದಾಗ ಅವನವ್ವ ನಾಗಕ್ಕನ ಫೋನು ಬಂತು.

“ಲೇ ಜಯರಾಮ, ದ್ಯಾವ್ರ ತಾವ ಹೂ ಕೇಳ್ದಂಗೆ ಹೊಂಟ್ಯಾ?” ಹಟ್ಟಿಯಲ್ಲಿ ಇದೊಂದು ಕಟ್ಟು. ಮಂದೆ ಹೊಡೆದುಕೊಂಡು ಹೊಸ ಸೀಮೆಗೆ ಹೋಗುವವನು ಗುಡಿಯ ಮುಂದೆ ನಿಂತು ಕೇಳಬೇಕು, ದೇವರ ಬಲಗಡೆಯಿಂದ ಹೂ ಬಿದ್ದರೆ ಹೊರಡಬೇಕು, ಎಡಗಡೆಯದು ಬಿದ್ದರೆ ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕು. ಸೈನ್ಯಕ್ಕೆ ಸೇರಿದವರೂ ಕೇಳಿದ್ದಾರೆ, ಜೆಸಿಬಿ ಕೊಂಡವರೂ ಕೇಳಿದ್ದಾರೆ. ಜಯರಾಮುವಿನ ಚಿಕ್ಕತಾತ ದೊಡ್ಡರಂಗಪ್ಪನೊಬ್ಬ ಕೇಳದೆ ಹಿಂದೂಪುರದ ಕಡೆ ಹೋದ. ಮೂರು ವರ್ಷದ ಮೇಲೆ ವಾಪಸಾದಾಗ ಅವನ ಕುರಿಗಳು ಕನ್ನಡದಲ್ಲಿ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲವಂತೆ, ತೆಲುಗಿನಲ್ಲಿ ರಾ ರಾ ಎಂದರೆ ಮಾತ್ರ ಓಡಿಬರುತ್ತಿದ್ದವಂತೆ. “ಅಂಗಾಗದು ಬ್ಯಾಡ ಕಣಪ್ಪ. ಪೂಜಾರಿ ನರಸಪ್ಪ ತಲೆಗ್ ನೀರುಯ್ಕಂಡು ಕುಂತವ್ನೆ. ಮದ್ದಾನ್ಕೆ ಬಂದ್ಬುಡು, ಚಿತ್ರನ್ನೂ ಕರ್ಕಂಡ್ ಬಾ.” ಕೊನೆಯ ಮಾತಿಗೆ ಜಯರಾಮು ಹೂಂ ಎಂದು ಫೋನಿಟ್ಟ. ಅರ್ಧ ದಿನದ ರಜೆಯ ಚೀಟಿಯಲ್ಲಿ ಕಾರಣ ಎಂಬಲ್ಲಿ ಸ್ವಂತ ಕೆಲಸ ಎಂದು ಬರೆದ. ವೆಂಕಟರಾಮಯ್ಯನವರು ಸಹಿ ಹಾಕುತ್ತ, “ನಾಳೆ ಹತ್ತೂವರೆಗೆ ಭೂಮಿ ಮೇಲೆ ಇರಬೇಕು,” ಎಂದರು.

ಬೈಕಿನ ಹಿಂದೆ ಚಿತ್ರಾ ಹಣ್ಣುಕಾಯಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರು ದಾಟುವ ತನಕ ಮಾತಿಲ್ಲ. ಈ ಮೌನವನ್ನು ಅವನು ಹತ್ತು ಬಗೆಯಲ್ಲಿ ಓದಿದ. ಕೋಪವೇ? ಕೋಪ ಬಂದರೆ ಇವಳು ಸಿರಾದವಳು, ಬಾಯಿ ಬಿಟ್ಟು ಬೈಯುತ್ತಾಳೆ, ಸುಮ್ಮನಿರುವುದಿಲ್ಲ. ಬೇಸರವೇ? ಮದುವೆಯಾದ ಹೊಸದರಲ್ಲಿ ಒಮ್ಮೆ ಇವನು ಗೆಳೆಯರೊಡನೆ ಸಿನಿಮಾಕ್ಕೆ ಹೋಗಿ ಕಚೇರಿಯಲ್ಲಿ ಕೆಲಸವಿತ್ತು ಎಂದಿದ್ದ, ಟಿಕೇಟಿನ ಚೂರು ಅವಳಿಗೆ ಬಟ್ಟೆ ಒಗೆಯುವಾಗ ಸಿಕ್ಕಿತ್ತು. ಆಗ ಅವಳು ಒಂದೇ ಮಾತು ಕೇಳಿದ್ದು, ಸಿನಿಮಾ ಚೆನ್ನಾಗಿತ್ತಾ ಎಂದು. ಅವನಿಗೆ ಇವತ್ತಿಗೂ ಆ ಥಿಯೇಟರಿನ ಮುಂದೆ ಹೋದರೆ ಕಾಲು ಬೇಗ ಬೇಗ ಬೀಳುತ್ತದೆ.

“ಎಷ್ಟು ದೂರ ಅದು?” ಎಂದಳು ಚಿತ್ರಾ, ಇದ್ದಕ್ಕಿದ್ದಂತೆ.

“ನಾಲ್ಕು ಜ್ಯೋತಿರ್ವರ್ಷ ಚಿಲ್ಲರೆ.”

“ಚಿಲ್ಲರೆ ಅಂದ್ರೆ?”

“ಒಂದು ಕಾಲು.”

“ಕಾಲು ಅಂದ್ರೆ ಎಷ್ಟ್ರೀ?”

“ಎರಡೂಕಾಲು ಲಕ್ಷ ಕೋಟಿ ಕಿಲೋಮೀಟರ್ ಮೇಲೆ.”

ಅವಳು ತೊಡೆಯ ಮೇಲಿನ ಚೀಲ ಸರಿಪಡಿಸಿಕೊಂಡಳು. “ಅದಕ್ಕೆ ಚಿಲ್ಲರೆ ಅಂತೀರಲ್ಲ, ನಿಮ್ಮನ್ನ ಏನನ್ನಬೇಕು,” ಎಂದಳು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗುಡಿಯ ಮುಂದೆ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಉರುಮೆಯವನು ತನ್ನ ಉರುಮೆ ವಾದ್ಯವನ್ನು ಬೆಂಕಿಗೆ ಕಾಯಿಸುತ್ತಿದ್ದ. ಪೂಜಾರಿ ನರಸಪ್ಪ, ಜಯರಾಮುವಿಗೆ ವರಸೆಯಲ್ಲಿ ದೊಡ್ಡಪ್ಪ, ಹೊಸ್ತಿಲಲ್ಲಿ ಒದ್ದೆ ಪಂಚೆಯಲ್ಲಿ ಕೂತು ವಿಚಾರಣೆ ಶುರುಮಾಡಿದ. ದೇವರಿಗೆ ಅರೆಬರೆ ಪ್ರಶ್ನೆ ಹಾಕುವಂತಿಲ್ಲ, ಎಲ್ಲ ವಿವರ ಮೊದಲೇ ಒಪ್ಪಿಸಬೇಕು. “ಯಾವ ದಿಕ್ಲಾ?” ಜಯರಾಮು ಮೇಲಕ್ಕೆ ಕೈ ತೋರಿಸಿದ. “ಮ್ಯಾಕೆ ಅನ್ನೋದು ದಿಕ್ಕಲ್ಲ ಕಣ್ಲಾ, ದಿಕ್ಕು ಯೋಳು.” ಆ ನಕ್ಷತ್ರ ಬೇಸಗೆಯಲ್ಲಿ ತೆಂಕಣ ಆಕಾಶದ ಅಂಚಿಗೆ ಬರುತ್ತದೆಂದು ಜಯರಾಮು ಓದಿದ್ದ, ಹಾಗೇ ಹೇಳಿಬಿಟ್ಟ. ಗುಂಪಿನಲ್ಲಿ ಅಯ್ಯೋ ಎಂಬ ಉದ್ಗಾರವೆದ್ದಿತು. ತೆಂಕಣ ಯಮನ ದಿಕ್ಕು, ಸಾಲದ್ದಕ್ಕೆ ಅವತ್ತು ಗುರುವಾರ, ಗುರುವಾರ ದಕ್ಷಿಣಕ್ಕೆ ಶೂಲೆ, ಆ ಕಡೆ ಪ್ರಯಾಣ ಹೊರಡುವಂತಿಲ್ಲ. ಹಿರಿಯರು ತಲೆ ಕೂಡಿಸಿ ಗುಸುಗುಟ್ಟಿದ ಮೇಲೆ ನರಸಪ್ಪ ತೀರ್ಪು ಕೊಟ್ಟ. “ರಾಕೆಟ್ಟು ಮೊದ್ಲು ಬಡಗ್ಲಾಗೆ ಪಾವಗಡದ ಗಂಟ ಹೋಗ್ಲಿ. ಅಲ್ಲಿ ವಸಿ ಕುಂತಿದ್ದು ನೀರು ಕುಡ್ದು ಆಮ್ಯಾಕೆ ತಿರುಕ್ಕಳ್ಲಿ. ದೋಸ ಕಳೀತದೆ.” ಎಲ್ಲರಿಗೂ ಸಮಾಧಾನವಾಯಿತು. ನೀರದೆಯಾ ಎಂದು ಕೇಳಿದ, ಗೊತ್ತಿಲ್ಲ. ಮೇವು? ಗೊತ್ತಿಲ್ಲ. ತೋಳ? ಗೊತ್ತಿಲ್ಲ ದೊಡ್ಡಪ್ಪ. “ಏನೂ ಗೊತ್ತಿಲ್ದಲೆ ಹೊಂಟವ್ನೆ ನೋಡು ಗಂಡಸು,” ಎಂದು ಮುದುಕಿಯರ ಸಾಲಿನಿಂದ ಯಾರೋ ಅಂದರು. ಮೆಚ್ಚಿಯೋ ಹಂಗಿಸಿಯೋ ತಿಳಿಯಲಿಲ್ಲ.

“ತಲುಪಾಕೆ ಎಷ್ಟು ದಿನ?”

“ಈಗಿನ ಲೆಕ್ಕದಲ್ಲಿ ಎಪ್ಪತ್ತು ಸಾವಿರ ವರ್ಷ. ದಾರೀಲೇ ಮಕ್ಕಳು ಮೊಮ್ಮಕ್ಕಳು ಹುಟ್ತಾರೆ, ಅವರ ಮಕ್ಕಳು ಮರಿಮಕ್ಕಳು ಇಳೀತಾರೆ. ತಲೆಮಾರಿನ ಹಡಗು ಅಂತಾರೆ ದೊಡ್ಡಪ್ಪ ಅದನ್ನ.”

ನರಸಪ್ಪ ಮೊದಲ ಬಾರಿಗೆ ನೆಟ್ಟಗೆ ಕೂತ. ಕಣ್ಣು ಕಿರಿದಾಯಿತು. “ಅಂಗಾದ್ರೆ ಆ ಮಕ್ಳಿಗೆ ಹೆಣ್ಣು ತರೋದು ಎಲ್ಲಿಂದ?” ಎಂದ. “ನಮ್ಮ ಬೆಡಗಿನೋರೇ ಹೋದ್ರೆ ಎಲ್ಲಾ ಅಣ್ತಮ್ಮಂದ್ರು ಅಕ್ಕತಂಗೇರು. ಕೊಡಂಗಿಲ್ಲ, ತರಂಗಿಲ್ಲ. ಮೊದಲ್ನೇ ಸುತ್ತಿಗೇ ವಂಸ ನಿಂತೋಗ್ತದೆ. ಕಡೇಪಕ್ಸ ಎರಡು ಬೆಡಗು ಬೇಕು ಕಣ್ಲಾ.” ಬೆಡಗೆಂದರೆ ಗೋತ್ರದ ಹಾಗೆ, ಒಂದೇ ಬೆಡಗಿನೊಳಗೆ ಮದುವೆಯಿಲ್ಲ. ವಿದೇಶದ ವಿಜ್ಞಾನಿಗಳು ಇದನ್ನೇ ಹೇಳಲು ನಲವತ್ತು ಪುಟ ಬರೆದದ್ದನ್ನು ಜಯರಾಮು ಓದಿದ್ದ. ದೊಡ್ಡಪ್ಪನ ಮೇಲೆ ಅವನಿಗೆ ಗೌರವ ಉಕ್ಕಿ ಬಂತು, ಆ ಗೌರವ ಮುಗಿಯುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದುಬಿಟ್ಟಿತ್ತು. “ನಿನ್ನೆಂಡ್ತಿ ಬ್ಯಾರೆ ಬೆಡಗು. ಅವಳ ಹೆಸರು ಹಾಕಿದೀಯಲ್ಲ?”

ಉರುಮೆಯವನೂ ಕೈ ನಿಲ್ಲಿಸಿದ. ಜಯರಾಮು ಹೆಂಗಸರ ಕಡೆ ನೋಡಲಿಲ್ಲ. ನೋಡದಿದ್ದರೂ ಅಲ್ಲಿ ಚಿತ್ರಾ ಎಲ್ಲಿ ನಿಂತಿದ್ದಾಳೆ, ಯಾವ ಕಾಲಿನ ಮೇಲೆ ಭಾರ ಹಾಕಿದ್ದಾಳೆ ಎಂಬುದು ಕೂಡ ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ದೇವರ ಮುಂದೆ ಸುಳ್ಳು ಹೇಳಿದವರ ಬಾಯಿ ವಾರೆಯಾಗುತ್ತದೆ ಎಂದು ಚಿಕ್ಕಂದಿನಲ್ಲಿ ಅವ್ವ ಹೆದರಿಸುತ್ತಿದ್ದಳು. ವಾರೆಯಾದರೆ ಆಗಲಿ ಎಂದು ಅವನು ಬಾಯಿ ಬಿಟ್ಟ.

“ಹಾಕಿದೀನಿ.”

ಮಂಗಳಾರತಿಯಾಯಿತು, ಉರುಮೆ ಬಡಿಯಿತು, ನರಸಪ್ಪ ಕೈ ಮುಗಿದು, “ಬಲಗಡೆ ಕೊಡಪ್ಪ,” ಎಂದು ಇನ್ನೂ ಮಾತು ಮುಗಿಸಿರಲಿಲ್ಲ, ದೇವರ ಬಲಭುಜದ ಕಣಗಿಲೆ ಹೂ ಪಟ್ಟನೆ ಉದುರಿತು. ಮಳೆ ಕೇಳಿದರೆ ಮೂರು ಗಂಟೆ ಕಾಯಿಸುವ ದೇವರು ಇವನನ್ನು ಊರು ಬಿಡಿಸಲು ಅರೆ ನಿಮಿಷವೂ ತಡಮಾಡಲಿಲ್ಲ. ಕೇಕೆ ಎದ್ದಿತು. ನಾಗಕ್ಕ ಮಗನ ಮುಖ ನೀವಿ ನೆಟಿಗೆ ಮುರಿದಳು. ಜಯರಾಮು ಬಾಯಿ ವಾರೆಯಾಗಿದೆಯೇ ಎಂದು ಮೆಲ್ಲಗೆ ಮುಟ್ಟಿ ನೋಡಿಕೊಂಡ. ಆಗಿರಲಿಲ್ಲ.

“ನಾನು ಬರಲ್ಲ,” ಎಂದಳು ಚಿತ್ರಾ.

ಎತ್ತರದ ದನಿಯಲ್ಲೇನೂ ಅಲ್ಲ. ಹಾಲು ಬೇಡ ಎನ್ನುವವರ ಹಾಗೆ ಹೇಳಿದಳು. “ಹೂ ಕೊಟ್ಟೈತಲ್ಲಮ್ಮ,” ಎಂದ ನರಸಪ್ಪ ಕಕ್ಕಾಬಿಕ್ಕಿಯಾಗಿ. “ಅವರು ಕೇಳಿದ್ರು, ಅವರಿಗೆ ಕೊಡ್ತು ಮಾವ. ನನ್ನ ಯಾರು ಕೇಳಿದ್ರು? ಗೌರಿ ಹಬ್ಬಕ್ಕೆ ಹನ್ನೊಂದು ರವಿಕೆ ಬಾಕಿ ಅವೆ, ಲೈನಿಂಗ್ ಬೇರೆ. ಅವರು ಹೋಗ್ಬರ್ಲಿ. ಎಪ್ಪತ್ತು ಸಾವಿರ ವರ್ಷ ನಾನೂ ನೆಮ್ಮದಿಯಾಗಿರ್ತೀನಿ.” ಹೆಂಗಸರ ಸಾಲು ಬಿದ್ದು ಬಿದ್ದು ನಕ್ಕಿತು, ಆಮೇಲೆ ಗಂಡಸರೂ ನಕ್ಕರು, ಕೊನೆಗೆ ನರಸಪ್ಪನೂ ಹಲ್ಲಿಲ್ಲದ ಬಾಯಿ ಬಿಟ್ಟ. ಜಯರಾಮು ಕೈಯಲ್ಲಿ ಹೂ ಹಿಡಿದು ನಿಂತೇ ಇದ್ದ. ಬೆಳಗಿನಿಂದ ಅವನು ಹೆದರಿದ್ದು ಅವಳಿಗೆ ನೋವಾಗುತ್ತದೆಂದು. ಈಗ ನೋಡಿದರೆ ನೋವು ಅವನ ಎದೆಗೇ ಬಂದು ಕೂತಿತ್ತು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಒಂದು ಗಳಿಗೆಯೂ ಯೋಚಿಸದೆ ಬರಲ್ಲ ಎನ್ನುವುದೇ? ತಾನು ಮಾಡಿದ್ದೂ ಅದೇ ಎಂಬುದು ತಲೆಗೆ ಗೊತ್ತಿತ್ತು, ಎದೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಳು ಬರುವ ಹಾಗಾಯಿತು. ಇಷ್ಟು ವಯಸ್ಸಾದವನು, ಸರ್ಕಾರಿ ನೌಕರ, ಹೋಗದೆ ಇರುವ ಊರಿಗೆ ಹೆಂಡತಿ ಬರುವುದಿಲ್ಲ ಎಂದಳೆಂದು ಅಳುವುದೆಂದರೇನು?

ವಾಪಸು ಬರುವಾಗ ಅವನೇ ಮೊದಲು ಬಾಯಿ ತೆರೆದ. “ಯಾಕೆ ಬರಲ್ಲ ಅಂದೆ?”

“ನೀವು ಕರೆದ್ರಾ?”

“ಹೆಸರು ಹಾಕಿದೀನಿ ಅಂತ ಅಷ್ಟು ಜನದ ಮುಂದೆ...” ಎಂದವನು ಮಾತನ್ನು ಅಲ್ಲಿಗೇ ನಿಲ್ಲಿಸಿದ. ಒಂದು ಸಲ ಹೇಳಿದ ಸುಳ್ಳು ದೇವರಿಗೆ, ಆತ ದೊಡ್ಡವನು, ಹೇಗೋ ಅರಗಿಸಿಕೊಂಡ. ಇನ್ನೊಂದು ಸಲ ಹೇಳಲು ನಾಲಿಗೆ ಹೊರಳಲಿಲ್ಲ. “ಹಾಕಿಲ್ಲ ಚಿತ್ರಾ,” ಎಂದ. “ಯಾರೂ ಇಲ್ಲ ಅಂತ ಹಾಕಿದೀನಿ. ಚಿ ಅಂತ ಬರೆದು ಅಳಿಸ್ದೆ.”

“ಗಾಡಿ ನಿಲ್ಸಿ.”

ನಿಲ್ಲಿಸಿದ. ಅವಳು ಇಳಿದು ರಸ್ತೆಯ ಅಂಚಿನಲ್ಲಿ ನಡೆಯತೊಡಗಿದಳು. ಇವನು ಮೊದಲ ಗೇರಿನಲ್ಲಿ ಕಾಲು ನೆಲಕ್ಕೆ ಒತ್ತುತ್ತ ಪಕ್ಕದಲ್ಲೇ ಬೈಕಿನ ಮೇಲೆ ನಿಧಾನವಾಗಿ ಹೊರಟ. ಬಿಸಿಲು ಇನ್ನೂ ಜೋರಾಗಿತ್ತು. ಎದುರಿನಿಂದ ಬಂದ ಟಂಟಂ ಆಟೋದವನು ಇಬ್ಬರನ್ನೂ ನೋಡಿ, ಅರ್ಥವಾಯಿತೆಂಬಂತೆ ಹಾರನ್ ಹೊಡೆದು ಹೋದ.

“ನೀನೂ ಬರಲ್ಲ ಅಂದ್ಯಲ್ಲ ಮಾರಾಯ್ತಿ! ಹಾಕಿದ್ರೂ ಬರ್ತಿರ್ಲಿಲ್ಲ, ಹಾಕಿಲ್ಲ ಅಂದ್ರೂ ಕೋಪ. ಎರಡೂ ಒಂದೇ ಆಯ್ತಲ್ಲ?”

ಅವಳು ಗಕ್ಕನೆ ನಿಂತಳು. ಕಣ್ಣು ಕೆಂಪಗಾಗಿದ್ದವು, ಅದನ್ನು ನೋಡಿ ಅವನ ಜೀವ ಹಾರಿತು. “ಹೆಂಗ್ರೀ ಒಂದಾಯ್ತು? ಬರೋದು ಬಿಡೋದು ನಂದು. ಕರೆಯೋದು ನಿಮ್ದು. ನಿಮ್ದು ನೀವು ಮಾಡ್ಲಿಲ್ಲ. ಹೋದ ವರ್ಷ ನಾಗಲಮಡಿಕೆ ಸುಬ್ರಮಣ್ಯನ ದರ್ಶನಕ್ಕೆ ಹೋಗಾನ ಅಂದೆ, ರಜಾ ಇಲ್ಲ ಅಂದ್ರಿ. ಅಮ್ಮನ ಮನೆಗೆ ಬಿಟ್ಟು ಬನ್ನಿ ಅಂದೆ, ಸಿರಾ ಬಸ್ಸು ಬೇಕಾದಷ್ಟು ಅವೆ ಅಂದ್ರಿ. ಈಗ ನಕ್ಷತ್ರಕ್ಕೆ ಹೋಗಾಕೆ ರಜಾ ಸಿಗ್ತಾ ನಿಮಗೆ? ಹೂಂ? ಎಪ್ಪತ್ತು ಸಾವಿರ ವರ್ಷ ಸಿಗ್ತಾ?”

ಜಯರಾಮು ಬೈಕಿಗೆ ಸ್ಟಾಂಡು ಹಾಕಿ ಇಳಿದ. ಏನು ಮಾಡಬೇಕೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಹೇಗೆ ಮಾಡಬೇಕೆಂದು ಗೊತ್ತಿರಲಿಲ್ಲ. ಮನುಷ್ಯರನ್ನು ಕರೆಯುವ ಕ್ರಮ ಅವನಿಗೆ ಬರುತ್ತಿದ್ದುದು ಮದುವೆಯ ಕರೆಯೋಲೆಯದೊಂದೇ. ನಡುರಸ್ತೆಯಲ್ಲಿ ಎರಡೂ ಕೈ ಜೋಡಿಸಿ, “ತಾವು ಸಕುಟುಂಬ ಸಪರಿವಾರ ಸಮೇತರಾಗಿ...” ಎಂದು ಶುರುಮಾಡಿದ.

“ಸಪರಿವಾರ ಅಂದ್ರೆ ನಿಮ್ಮವ್ವನೂ ಬರ್ತಾರೆ. ನೋಡ್ಕಂಡು ಮಾತಾಡಿ.”

ಅವಳ ತುಟಿಯ ಮೂಲೆ ಅಲುಗಿದ್ದು ಅವನಿಗೆ ಕಂಡಿತು. ಜೋಡಿಸಿದ ಕೈ ಬಿಟ್ಟ. ಎರಡು ಹೆಜ್ಜೆ ಹತ್ತಿರ ಹೋದ. ಇವಳಿಲ್ಲದೆ ಆ ಕಿಟಕಿಯ ಮುಂದೆ ಕೂತರೆ ಮೊದಲನೇ ದಿನವೇ, ಇದು ನೋಡು, ಅದು ನೋಡು ಎಂದು ಹಿಂದಕ್ಕೆ ತಿರುಗುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ತಿರುಗಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ, ಅವನೇ ಬರೆದುಕೊಟ್ಟ ಹಾಗೆ.

“ಚಿತ್ರಾ,” ಎಂದ, “ನನ್ ಜೊತೆ ಬಾರೆ.”

ಅವಳು ಈ ಸಲ ನಿಜವಾಗಿ ಯೋಚಿಸಿದಳು; ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು, ರಸ್ತೆಯ ಆ ತುದಿ ನೋಡಿದಳು, ಈ ತುದಿ ನೋಡಿದಳು, ಅವನ ಮುಖ ನೋಡಿದಳು.

“ಬರಲ್ಲ,” ಎಂದು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹೆಗಲು ಹಿಡಿದು ಬೈಕು ಹತ್ತಿದಳು.